ಒಂದು ಅಂಕದ ಇತಿಹಾಸ

ನಮ್ಮ ನಾಡಿನ ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದಲ್ಲಿ ಪುಸ್ತಕದಂಗಡಿ ಇನ್ನೂ ಉಳಿದಿದ್ದರೆ ಅದನ್ನು ಉಳಿಸಿರುವುದು ಸಾಮಾನ್ಯ ಜ್ಞಾನದ ಕೈಪಿಡಿಗಳು. ಕಥೆ, ಕಾದಂಬರಿ, ಕವನ ಸಂಕಲನಗಳು ಅಲ್ಲಿಂದ ಜಾಗ ಖಾಲಿ ಮಾಡಿ ಬಹಳ ಕಾಲವಾಯಿತು. ಮಾಸಪತ್ರಿಕೆಗಳೂ ಒಂದೊಂದಾಗಿ ಕಡಿಮೆಯಾಗಿವೆ. ಆದರೆ ಎಸ್‌ಡಿಎ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್, ಶಿಕ್ಷಕರ ಅರ್ಹತಾ ಪರೀಕ್ಷೆ ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಕೈಪಿಡಿಗಳು ಪ್ರತಿ ವರ್ಷ ಹೊಸ ಆವೃತ್ತಿಯಲ್ಲಿ ಬರುತ್ತಲೇ ಇವೆ. ನಮ್ಮ ಸಾಹಿತ್ಯ ವಿಮರ್ಶಕರು ಇವುಗಳನ್ನು ಪುಸ್ತಕಗಳೆಂದೇ ಎಣಿಸುವುದಿಲ್ಲ. ಆದರೆ ಕನ್ನಡದ ಎಷ್ಟೋ ಮನೆಗಳಲ್ಲಿ ಇತಿಹಾಸ, ಕಲೆ, ಸಂಸ್ಕೃತಿ ಎಂಬ ಶಬ್ದಗಳು ಶಾಲೆ ಬಿಟ್ಟ ಮೇಲೆ ಪ್ರವೇಶಿಸುವುದು ಈ ಪುಸ್ತಕಗಳ ಮೂಲಕವೇ. ಆದ್ದರಿಂದ ಇವನ್ನೂ ಒಂದು ಸಾಹಿತ್ಯ ಪ್ರಕಾರವೆಂದು ತಿಳಿದು ವಿಮರ್ಶೆಗೆ ಒಡ್ಡುವುದು ಅಗತ್ಯವೆಂದು ನಮಗೆ ಅನ್ನಿಸಿದೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಇಂಥ ಕೈಪಿಡಿಗಳನ್ನು ಹೀಯಾಳಿಸುವುದು ಬಹಳ ಸುಲಭ. ಹಾಗೆ ಹೀಯಾಳಿಸುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ತಲೆಮಾರಿನ ಪದವೀಧರರು ಇರುತ್ತಾರೆ, ಗೋಡೆಗೆ ಪುಸ್ತಕದ ಕಪಾಟು ಇರುತ್ತದೆ. ಕೂಲಿ ಮಾಡುವ ತಾಯಿಯ ಮಗ, ಬೀಡಿ ಕಟ್ಟುವ ಮನೆಯ ಮಗಳು, ಗ್ಯಾರೇಜಿನಲ್ಲಿ ದುಡಿಯುತ್ತ ಸಂಜೆ ಕಾಲೇಜಿಗೆ ಹೋಗುವ ಹುಡುಗ ಇವರಿಗೆ ಈ ಕೈಪಿಡಿಯೇ ಸರಕಾರಿ ನೌಕರಿಯ ಏಣಿ. ಮನೆಯಲ್ಲಿರುವ ಏಕೈಕ ಇತಿಹಾಸ ಗ್ರಂಥವೂ ಅದೇ. ಏಣಿಯನ್ನು ಒದೆಯುವುದು ನಮ್ಮ ಉದ್ದೇಶವಲ್ಲ. ಅದರ ಮೆಟ್ಟಿಲುಗಳು ಎಂಥ ಮರದಿಂದ ಮಾಡಿದವು ಎಂದು ನೋಡುವುದಷ್ಟೇ ನಮ್ಮ ಕೆಲಸ.

ಈ ಪ್ರಕಾರದ ವ್ಯಾಕರಣ ಬಹಳ ಸರಳ. ಒಂದು ಪ್ರಶ್ನೆ, ನಾಲ್ಕು ಆಯ್ಕೆ, ಒಂದು ಸರಿಯುತ್ತರ, ಒಂದು ಅಂಕ. ಇತಿಹಾಸ ಮತ್ತು ಸಂಸ್ಕೃತಿಯ ಪುಟಗಳಲ್ಲಿ ಬರುವ ಪ್ರಶ್ನೆಗಳನ್ನು ವಿಂಗಡಿಸಿ ನೋಡಿದರೆ ಬಹುಪಾಲು ಮೂರೇ ಗುಂಪಿಗೆ ಸೇರುತ್ತವೆ: 'ಯಾರು?', 'ಮೊದಲನೆಯದು ಯಾವುದು?', 'ಅತಿ ದೊಡ್ಡದು ಯಾವುದು?'. ಹೇಗೆ, ಏಕೆ, ಯಾರ ಜೊತೆ, ಯಾವ ಭಾಷೆಯಲ್ಲಿ, ಯಾರ ಕೈಯಿಂದ ಎಂಬ ಪ್ರಶ್ನೆಗಳು ಕಾಣುವುದೇ ಅಪರೂಪ. ಕಾರಣ ಸ್ಪಷ್ಟವಾಗಿದೆ. ಇವುಗಳ ಉತ್ತರ ಒಂದೇ ಹೆಸರಿನಲ್ಲಿ ಮುಗಿಯುವುದಿಲ್ಲ, ಆದ್ದರಿಂದ ಅಂಕ ಕೊಡುವುದು ಕಷ್ಟ. ಹೀಗೆ ಮೌಲ್ಯಮಾಪನದ ಅನುಕೂಲಕ್ಕಾಗಿ ಹುಟ್ಟಿದ ಒಂದು ಕ್ರಮ ಕಾಲಕ್ರಮೇಣ ಇತಿಹಾಸವನ್ನು ನೋಡುವ ದೃಷ್ಟಿಯೇ ಆಗಿಬಿಟ್ಟಿದೆ. ಹಲವರು ಕೂಡಿ ಕಟ್ಟಿದ್ದಕ್ಕೆ ಒಬ್ಬನೇ ಒಡೆಯ, ಹಲವು ಕಡೆ ಮೊಳೆತದ್ದಕ್ಕೆ ಒಂದೇ ಹುಟ್ಟೂರು ಎಂದು ನಂಬುವ ಮನಸ್ಸನ್ನು ಇದು ತಯಾರಿಸುತ್ತದೆ. ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ.

ವಿಚಿತ್ರವೆಂದರೆ ಈ ಪ್ರಕಾರದ ಹೆಸರೇ ಅದರ ನಡವಳಿಕೆಗೆ ವಿರುದ್ಧವಾಗಿದೆ. ನಾವು ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಕಥೆ ಬರೆಯುತ್ತ ಬಂದವರು. ಉರ್ದುವಿನಲ್ಲಿ ಇದಕ್ಕೆ 'ಮಾಲೂಮಾತ್-ಎ-ಆಮ್ಮಾ' ಎನ್ನುತ್ತಾರೆ. 'ಆಮ್' ಎಂದರೆ ಎಲ್ಲರದು. ಅರಮನೆಯ 'ದಿವಾನ್-ಎ-ಆಮ್' ಎಲ್ಲರಿಗೂ ತೆರೆದಿದ್ದ ಸಭಾಂಗಣ. ಕನ್ನಡದ 'ಸಾಮಾನ್ಯ' ಎಂಬ ಶಬ್ದಕ್ಕೂ ಎಲ್ಲರಿಗೂ ಸಮಾನವಾಗಿ ಸೇರಿದ್ದು ಎಂಬ ಅರ್ಥವಿದೆ. ಅಂದರೆ ಎರಡೂ ಭಾಷೆಗಳು ಇದನ್ನು ಹಂಚಿಕೊಂಡ ತಿಳಿವಳಿಕೆ ಎಂದೇ ಕರೆದಿವೆ. ಇನ್ನೊಂದು ಸೂಕ್ಷ್ಮವೂ ಇದೆ. 'ಮಾಲೂಮಾತ್' ಎಂದರೆ ತಿಳಿದುಬಂದ ಸಂಗತಿಗಳು. 'ಇಲ್ಮ್' ಎಂದರೆ ಜ್ಞಾನ. ಎರಡೂ ಒಂದೇ ಅರಬಿ ಧಾತುವಿನಿಂದ ಬಂದವು. ಆದರೆ ಉರ್ದು ಈ ಪ್ರಕಾರಕ್ಕೆ ಮೊದಲನೆಯ ಹೆಸರನ್ನಷ್ಟೇ ಕೊಟ್ಟಿತು. ಕನ್ನಡ ಉದಾರವಾಗಿ ಅದನ್ನು ಜ್ಞಾನವೆಂದೇ ಕರೆಯಿತು. ಆ ಔದಾರ್ಯಕ್ಕೆ ಕೈಪಿಡಿಗಳು ತಕ್ಕುದಾಗಿವೆಯೇ ಎಂಬುದನ್ನು ನಮ್ಮ ನೆಲದ ಕೆಲವು ಉತ್ತರಗಳನ್ನು ಬಿಡಿಸಿಯೇ ನೋಡಬೇಕು.

'ಅತಿ ದೊಡ್ಡದು' ಎಂಬ ಪ್ರಶ್ನೆಯಿಂದ ಆರಂಭಿಸೋಣ. 'ವಿಶ್ವದ ಎರಡನೇ ಅತಿ ದೊಡ್ಡ ಗುಮ್ಮಟ ಯಾವುದು?' ಗೋಳಗುಮ್ಮಟ ಎಂದು ನಮ್ಮ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಈಗ ಅಳತೆಪಟ್ಟಿ ಹಿಡಿಯೋಣ. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಹೊರವ್ಯಾಸ ಸುಮಾರು 44 ಮೀಟರ್. ರೋಮ್ ನಗರದ ಪ್ಯಾಂಥಿಯನ್ ಗುಮ್ಮಟದ ಒಳವ್ಯಾಸವೇ 43 ಮೀಟರ್ ದಾಟುತ್ತದೆ. ಸೇಂಟ್ ಪೀಟರ್ಸ್ ಚರ್ಚಿನದು 41 ಮೀಟರಿಗೂ ಹೆಚ್ಚು. ಫ್ಲಾರೆನ್ಸ್ ನಗರದ ಪ್ರಧಾನ ಚರ್ಚಿನ ಗುಮ್ಮಟವೂ ನಮ್ಮದಕ್ಕಿಂತ ಅಗಲ. ಇನ್ನು ಉಕ್ಕಿನಿಂದ ಕಟ್ಟಿದ ಹೊಸ ಕಾಲದ ಗುಮ್ಮಟಗಳನ್ನು ಎಣಿಸಿದರೆ 2014ರಲ್ಲಿ ತೆರೆದ ಸಿಂಗಪುರದ ಕ್ರೀಡಾಂಗಣದ ಗುಮ್ಮಟ 300 ಮೀಟರಿಗೂ ಮಿಕ್ಕಿದೆ. ಒಟ್ಟಿನಲ್ಲಿ ಒಳಗಿನಿಂದ ಅಳೆದರೆ 'ಎರಡನೆಯದು' ಎಂಬ ಉತ್ತರ ನಿಲ್ಲುವುದಿಲ್ಲ.

ಹಾಗಾದರೆ ಗೋಳಗುಮ್ಮಟದ ಹಿರಿಮೆ ಕಡಿಮೆಯಾಯಿತೇ? ನಮಗೆ ಹಾಗೆ ಕಾಣುವುದಿಲ್ಲ. ಅದರ ನಿಜವಾದ ಹಿರಿಮೆಯನ್ನು ಈ ಪ್ರಶ್ನೆ ಮುಚ್ಚಿಟ್ಟಿದೆ ಅಷ್ಟೆ. ಪ್ಯಾಂಥಿಯನ್ ಗುಮ್ಮಟ ನಿಂತಿರುವುದು ದುಂಡನೆಯ ಗೋಡೆಯ ಮೇಲೆ. ಬಿಜಾಪುರದ ಗುಮ್ಮಟ ನಿಂತಿರುವುದು ಚೌಕಾಕಾರದ ಕಟ್ಟಡದ ಮೇಲೆ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಅಲ್ಲಿಯ ಕಟ್ಟಡಗಾರರು ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ರೇಖೆಯಲ್ಲಿ ಎಂಟು ಕಮಾನುಗಳನ್ನು ಎಬ್ಬಿಸಿ, ಅವು ಒಂದನ್ನೊಂದು ಛೇದಿಸುವಂತೆ ಮಾಡಿ, ಮೇಲೆ ಹೋಗುತ್ತ ಕಟ್ಟಡವನ್ನು ಒಳಕ್ಕೆ ಚಾಚಿದರು. ಆ ಒಳಚಾಚಿನ ಭಾರ, ಗುಮ್ಮಟವು ಗೋಡೆಗಳನ್ನು ಹೊರಕ್ಕೆ ತಳ್ಳುವ ಒತ್ತಡವನ್ನು ತಡೆದು ಹಿಡಿಯುತ್ತದೆ. ಹೀಗಾಗಿ ನಡುವೆ ಒಂದು ಕಂಬವೂ ಇಲ್ಲದೆ ಸುಮಾರು 1,700 ಚದರ ಮೀಟರ್ ನೆಲ ಒಂದೇ ಗುಮ್ಮಟದ ಅಡಿ ಬಂದಿದೆ. ಈ ಲೆಕ್ಕದಲ್ಲಿ ಅದು ಪ್ಯಾಂಥಿಯನ್ನಿಗಿಂತ ದೊಡ್ಡದು. ಇದನ್ನು 19ನೆಯ ಶತಮಾನದಲ್ಲೇ ಜೇಮ್ಸ್ ಫರ್ಗುಸನ್ ಎಂಬ ವಾಸ್ತುಶಿಲ್ಪ ಇತಿಹಾಸಕಾರ ಗುರುತಿಸಿದ್ದ. ಪಿಸುಮಾತಿನ ಮೊಗಸಾಲೆಯೂ ಈ ಜಾಣ್ಮೆಯ ಕೂಸೇ. ಒಳಚಾಚಿನ ಮೇಲೆ ಗುಮ್ಮಟ ಕೂತಾಗ ಸುತ್ತಲೂ ಉಳಿದ ಜಾಗವೇ ಆ ಮೊಗಸಾಲೆ. ನಮ್ಮ ಮಕ್ಕಳು ಅಲ್ಲಿ ಕೂಗಿ ಪ್ರತಿಧ್ವನಿ ಎಣಿಸಿ ಬರುತ್ತಾರೆ. ಸುಣ್ಣ, ಇಟ್ಟಿಗೆ, ಕಲ್ಲುಗಳಿಂದ ಈ ಭಾರವನ್ನು ಆಕಾಶದಲ್ಲಿ ನಿಲ್ಲಿಸಿದ ಗಣಿತವನ್ನು ಅವರಿಗೆ ಯಾರೂ ಹೇಳುವುದಿಲ್ಲ. ಅದಕ್ಕೆ ಅಂಕ ಇಲ್ಲ.

ಕಟ್ಟಿಸಿದವನ ಹೆಸರು ಕೇಳಿದರೆ ಮುಹಮ್ಮದ್ ಆದಿಲ್‌ಶಾಹ ಎನ್ನುತ್ತೇವೆ. 1627ರಿಂದ 1656ರವರೆಗೆ ಆಳಿದವನು. ಅವನು ತೀರಿಕೊಂಡಾಗ ಕಟ್ಟಡದ ಕೆಲಸ ಪೂರ್ತಿಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಗುಮ್ಮಟದ ಅಡಿಯಲ್ಲಿ ಅವನ ಗೋರಿಯ ಜೊತೆ ಬೇಗಮರ, ಮಗಳ, ಮೊಮ್ಮಗನ ಗೋರಿಗಳಿವೆ. ಅವುಗಳ ಸಾಲಿನಲ್ಲೇ ರಂಭಾ ಎಂಬ ನರ್ತಕಿಯದೆಂದು ಹೇಳುವ ಗೋರಿಯೂ ಇದೆ. ಸುಲ್ತಾನನ ಪಕ್ಕದಲ್ಲಿ ಮಲಗಿದ ಈ ರಂಭೆ ಯಾರು, ಯಾವ ಮನೆತನದಿಂದ ಬಂದವಳು, ಯಾವ ಭಾಷೆಯಲ್ಲಿ ಹಾಡುತ್ತಿದ್ದಳು? ಕೈಪಿಡಿಯ ಪುಟ ಬರೆಯುವವರಿಗೆ ಈ ಕುತೂಹಲ ಒಮ್ಮೆಯೂ ಬಂದಂತಿಲ್ಲ. ಕತೆಗಾರರಾದ ನಮಗೆ ಬಾಗಿಲು ತೆರೆಯುವುದೇ ಅಲ್ಲಿ.

ಇದೇ ಬಿಜಾಪುರದ, 2014ರಿಂದ ವಿಜಯಪುರ ಎಂದು ಕರೆಯಲಾಗುವ ಊರಿನ, ಇನ್ನೊಂದು ಖಾಯಂ ಪ್ರಶ್ನೆಯೆಂದರೆ 'ಜಗದ್ಗುರು ಬಾದಶಾಹ ಎಂದು ಹೆಸರಾದವರು ಯಾರು?' ಎರಡನೇ ಇಬ್ರಾಹಿಂ ಆದಿಲ್‌ಶಾಹ. ಹಿಂದೆಯೇ ಬರುವ ಪ್ರಶ್ನೆ: 'ಕಿತಾಬ್-ಎ-ನೌರಸ್ ಬರೆದವರು ಯಾರು?' ಅದೇ ಉತ್ತರ. ಎರಡು ಅಂಕ ಸಿಕ್ಕಿತು. ಆದರೆ 1580ರಲ್ಲಿ ಬಾಲಕನಾಗಿ ಪಟ್ಟವೇರಿ, ಚಾಂದ್‌ಬೀಬಿಯ ಆಸರೆಯಲ್ಲಿ ಬೆಳೆದು, 1627ರವರೆಗೆ ರಾಜ್ಯವಾಳಿದ ಈ ಸುಲ್ತಾನ ಆ ಪುಸ್ತಕವನ್ನು ಯಾವ ಭಾಷೆಯಲ್ಲಿ ಬರೆದ ಎಂದು ಯಾರೂ ಕೇಳುವುದಿಲ್ಲ. ಅವನ ದರಬಾರಿನಲ್ಲಿ ಪಾರಸಿಯ ಘಟಾನುಘಟಿಗಳಿದ್ದರು. ಫಿರಿಶ್ತಾ ತನ್ನ ಪ್ರಸಿದ್ಧ ಚರಿತ್ರೆಯನ್ನು ಬರೆದದ್ದು ಅವನ ಆಶ್ರಯದಲ್ಲಿ. ಕವಿ ಜುಹೂರಿ ಕಿತಾಬ್-ಎ-ನೌರಸ್‌ಗೆ ಪಾರಸಿಯಲ್ಲಿ ಮುನ್ನುಡಿ ಬರೆದ. ಆದರೆ ಸುಲ್ತಾನ ಮಾತ್ರ ತನ್ನ ಹಾಡುಗಳನ್ನು ದಖನಿಯಲ್ಲಿ ಬರೆದ, ರಾಗಗಳ ಹೆಸರಿನಡಿ ಜೋಡಿಸಿದ. ಸರಸ್ವತಿ, ಗಣಪತಿಯನ್ನು ನೆನೆದ ಆ ಪುಸ್ತಕದಲ್ಲೇ ಪ್ರವಾದಿಯವರನ್ನೂ ಗುಲಬರ್ಗಾದ ಖಾಜಾ ಬಂದೇನವಾಜರನ್ನೂ ನೆನೆದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು, ಪ್ರೀತಿಯ ಆನೆ ಆತಿಶ್‌ಖಾನನ ಮೇಲೂ ಹಾಡು ಕಟ್ಟಿದ.

'ನೌರಸ್' ಎಂಬ ಒಂದೇ ಶಬ್ದವನ್ನು ನೋಡಿ. ಈ ನೆಲದ ಕಿವಿಗೆ ಅದು ನವರಸ. ಪಾರಸಿ ಕಿವಿಗೆ ಅದು ಹೊಸದಾಗಿ ಬಂದದ್ದು, ಆಗತಾನೆ ಮಾಗಿದ ಹಣ್ಣು. ಎರಡು ಲೋಕಗಳು ಒಂದೇ ಶಬ್ದದಲ್ಲಿ ಸಲೀಸಾಗಿ ಕೂತಿವೆ. ಆ ಶಬ್ದದ ಮೇಲಿನ ಮೋಹಕ್ಕೆ ಅವನು 1599ರಲ್ಲಿ ನೌರಸಪುರ ಎಂಬ ಊರನ್ನೇ ಕಟ್ಟಲು ಹೊರಟ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಕಟ್ಟಿದವನೂ ಮುಸಲ್ಮಾನ, ಕೆಡವಿದವನೂ ಮುಸಲ್ಮಾನ. ರಾಜಕಾರಣಕ್ಕೆ ಧರ್ಮದ ಹಣೆಪಟ್ಟಿ ಹಚ್ಚಿ ಇತಿಹಾಸ ಹೇಳುವವರಿಗೆ ಇಂಥ ಸಂಗತಿಗಳು ತೊಡಕು. ಒಂದು ಹೆಸರಿನ ಉತ್ತರ ಈ ತೊಡಕನ್ನು ನಯವಾಗಿ ತಪ್ಪಿಸಿಬಿಡುತ್ತದೆ. 'ಜಗದ್ಗುರು ಬಾದಶಾಹ' ಎಂಬ ಬಿರುದನ್ನು ಬಾಯಿಪಾಠ ಮಾಡಿದ ಯುವಕನೇ ಸಂಜೆ ಮೊಬೈಲಿನಲ್ಲಿ 'ಆದಿಲ್‌ಶಾಹಿಗಳು ಹೊರಗಿನವರು' ಎಂಬ ಸಂದೇಶವನ್ನು ಹತ್ತು ಜನರಿಗೆ ರವಾನಿಸಬಲ್ಲ. ಎರಡರ ನಡುವೆ ಅವನಿಗೆ ವಿರೋಧವೇ ಕಾಣುವುದಿಲ್ಲ. ಏಕೆಂದರೆ ಅವನಿಗೆ ಗೊತ್ತಿರುವುದು ಹೆಸರು, ಹಾಡಲ್ಲ.

ಬಿಜಾಪುರದಿಂದ ಬೀದರಿಗೆ ಬಂದರೆ ಪ್ರಶ್ನೆ ಸಿದ್ಧವಾಗಿದೆ: 'ಬೀದರಿನ ಮದರಸಾ ಕಟ್ಟಿಸಿದವರು ಯಾರು?' ಮಹಮೂದ್ ಗವಾನ್. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು, 1472ರಲ್ಲಿ ಈ ವಿದ್ಯಾಲಯವನ್ನು ಪೂರ್ತಿಗೊಳಿಸಿದವನು. ಅಲ್ಲಿಗೆ ಉತ್ತರ ಮುಗಿಯಿತು. ಆದರೆ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಬಹಮನಿ ದರಬಾರಿನಲ್ಲಿ ದಖನಿಗಳು ಮತ್ತು ಅಫಾಕಿಗಳು, ಅಂದರೆ ಈ ನೆಲದವರು ಮತ್ತು ಕಡಲಾಚೆಯಿಂದ ಬಂದವರು ಎಂಬ ಎರಡು ಬಣಗಳಿದ್ದವು. ಇಬ್ಬರೂ ಒಂದೇ ದಿಕ್ಕಿಗೆ ಮುಖಮಾಡಿ ನಮಾಜು ಮಾಡುತ್ತಿದ್ದರು, ಆದರೂ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ವಿರೋಧಿಗಳು ಗವಾನನ ಮೊಹರು ಒತ್ತಿದ ಕಾಗದದ ಮೇಲೆ ಶತ್ರುರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯಿಲ್ಲದೆ 1481ರಲ್ಲಿ ಅವನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಸತ್ತ. ರಾಜ್ಯ ಒಡೆಯುತ್ತ ಹೋಯಿತು. ಒಂದು ಸುಳ್ಳು ಕಾಗದ ಒಂದು ರಾಜ್ಯದ ಬುಡ ಅಲುಗಿಸಿದ ಈ ಪ್ರಸಂಗ, ಸುಳ್ಳು ಸುದ್ದಿಯ ನಮ್ಮ ಕಾಲಕ್ಕೆ ಎಷ್ಟು ಬೇಕಾದ ಪಾಠ! 1696ರ ಸ್ಫೋಟದಲ್ಲಿ ಆ ಮದರಸಾದ ಒಂದು ಭಾಗ ಕುಸಿಯಿತು. ಉಳಿದ ಮಿನಾರಿನ ಹೆಂಚಿನ ಬಣ್ಣದ ಚಿತ್ತಾರ ಇನ್ನೂ ಅಲ್ಲಲ್ಲಿ ಕಾಣುತ್ತದೆ.

ಅದೇ ಊರಿನ ಇನ್ನೊಂದು ಪ್ರಶ್ನೆ: 'ಬಿದ್ರಿ ಕಲೆಗೆ ಹೆಸರಾದ ಊರು ಯಾವುದು?' ಉತ್ತರ ಪ್ರಶ್ನೆಯಲ್ಲೇ ಇದೆ. ಕೇಳಬೇಕಾದದ್ದು ಆ ಕಪ್ಪು ಎಲ್ಲಿಂದ ಬಂತು ಎಂದು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲೆ ಉಳಿಯಿಂದ ಚಿತ್ತಾರ ಕೊರೆದು ಆ ಗೀರುಗಳಲ್ಲಿ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕೈಪಿಡಿಗೆ ಮತ್ತೊಂದು ಪ್ರಶ್ನೆ ದೊರೆಯಿತು. ಒಳ್ಳೆಯದೇ. ಆದರೆ ಎರಕದವನು, ಕೊರೆಯುವವನು, ಬೆಳ್ಳಿ ಕೂರಿಸುವವನು, ಹೊಳಪು ಕೊಡುವವನು ಎಂದು ಹಲವು ಕೈಗಳು ದಾಟಿ ಒಂದು ಹೂದಾನಿಯಾಗುತ್ತದೆ. ಆ ಕೈಗಳಿಗೆ ಸಿಗುವ ಕೂಲಿ ಎಷ್ಟು ಎಂಬುದೂ ಸಂಸ್ಕೃತಿಯ ಪ್ರಶ್ನೆಯೇ ಎಂದು ನಾವು ತಿಳಿದಿದ್ದೇವೆ.

ಇನ್ನು 'ಮೊದಲು' ಎಂಬ ಪ್ರಶ್ನೆ. ಇದು ಮೂರರಲ್ಲಿ ಅತ್ಯಂತ ಜಗಳಗಂಟ ಪ್ರಶ್ನೆ. 'ಕನ್ನಡದ ಮೊದಲ ಶಾಸನ ಯಾವುದು?' ಹಲ್ಮಿಡಿ, ಸುಮಾರು ಕ್ರಿ.ಶ. 450 ಎಂದು ನಾವೆಲ್ಲ ಕಲಿತೆವು. ಮುಂದೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಒಂದು ಬರಹವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಹೇಳಿತು. ವಿದ್ವಾಂಸರು ಚರ್ಚಿಸುತ್ತಿದ್ದಾರೆ. ಆದರೆ ಕೈಪಿಡಿಗೆ ಚರ್ಚೆ ಬೇಡ, ಅದಕ್ಕೆ ಬೇಕಾದ್ದು ಒಂದು ಅಕ್ಷರ: ಎ, ಬಿ, ಸಿ ಅಥವಾ ಡಿ. 'ಮೊದಲು' ಎಂಬುದು ಬಹಳ ಸಲ 'ಇದುವರೆಗೆ ಸಿಕ್ಕಿದ್ದರಲ್ಲಿ ಮೊದಲು' ಎಂದಷ್ಟೇ ಅರ್ಥ ಎಂಬ ವಿನಯವನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕಾಗಿತ್ತು.

ಉರ್ದು ಕೈಪಿಡಿಗಳಲ್ಲೂ ಇದೇ ಹಾಡು. 'ಉರ್ದುವಿನ ಮೊದಲ ಕವಿ ಯಾರು?' 1880ರಲ್ಲಿ ಮುಹಮ್ಮದ್ ಹುಸೇನ್ ಆಜಾದ್ ತಮ್ಮ 'ಆಬ್-ಎ-ಹಯಾತ್' ಗ್ರಂಥದಲ್ಲಿ ವಲಿಯನ್ನು ಆ ಪೀಠದಲ್ಲಿ ಕೂರಿಸಿದರು. ಅನಂತರ ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್‌ಶಾಹನ ಕಾವ್ಯ ಬೆಳಕಿಗೆ ಬಂತು. ಅವನು ವಲಿಗಿಂತ ಸುಮಾರು ನೂರು ವರ್ಷ ಹಿಂದಿನವನು. ಆಮೇಲೆ ಇನ್ನೂ ಹಿಂದಕ್ಕೆ, 15ನೆಯ ಶತಮಾನದ ಬಹಮನಿ ಕಾಲದ ಬೀದರಿಗೆ ಸಂಶೋಧಕರು ತಲುಪಿದರು. ಫಖ್ರುದ್ದೀನ್ ನಿಜಾಮಿ ಎಂಬ ಕವಿಯ 'ಕದಮ್ ರಾವ್ ಪದಮ್ ರಾವ್' ಎಂಬ ಮಸ್ನವಿ ಈಗ ದೊರೆತಿರುವ ದಖನಿ ಕಾವ್ಯಗಳಲ್ಲಿ ಬಹು ಹಳೆಯದು. ಬರೆದ ಕವಿ ಮುಸಲ್ಮಾನ, ಕಥಾನಾಯಕರ ಹೆಸರು ಕದಮ್ ರಾವ್, ಪದಮ್ ರಾವ್. ಅದರ ಹಸ್ತಪ್ರತಿ ಕರಾಚಿಯಲ್ಲಿತ್ತು. 1973ರಲ್ಲಿ ಜಮೀಲ್ ಜಾಲಿಬಿ ಅದನ್ನು ಸಂಪಾದಿಸಿ ಪ್ರಕಟಿಸಿದರು. ಬೀದರಿನ ಮಣ್ಣಿನಲ್ಲಿ ಹುಟ್ಟಿದ ಕಾವ್ಯವನ್ನು ಓದಲು ಬೀದರಿನವರು ಕರಾಚಿಯ ಕಡೆ ನೋಡಬೇಕಾಯಿತು.

ಇಲ್ಲಿ ಒಂದು ಮಾತು ಮನಸ್ಸಿಗೆ ಚುಚ್ಚುತ್ತದೆ. ಅನುಭವ ಮಂಟಪದ ಬಸವಕಲ್ಯಾಣವೂ ಈಗ ಅದೇ ಬೀದರ ಜಿಲ್ಲೆಯಲ್ಲಿದೆ. ಆಡುಮಾತಿನಲ್ಲಿ ವಚನಗಳನ್ನು ಕಟ್ಟಿದ 12ನೆಯ ಶತಮಾನದ ಶರಣರೂ, ದರಬಾರಿನ ಪಾರಸಿಯನ್ನು ಪಕ್ಕಕ್ಕಿಟ್ಟು ಜನರ ದಖನಿಯಲ್ಲಿ ಬರೆದ 15ನೆಯ ಶತಮಾನದ ಕವಿಯೂ ಒಂದೇ ಜಿಲ್ಲೆಯ ನೆಲದವರು. ನಮ್ಮ ಉರ್ದು ಶಾಲೆಯ ಪಾಠ ಮೊದಲನೆಯದನ್ನು ಹೇಳಲಿಲ್ಲ. ಕನ್ನಡ ತರಗತಿಯ ಪಾಠ ಎರಡನೆಯದನ್ನು ಹೇಳಲಿಲ್ಲ. ಎರಡೂ ಕಡೆಯ ಕೈಪಿಡಿಗಳು ತಮ್ಮ ತಮ್ಮ 'ಮೊದಲಿಗ'ರ ಪಟ್ಟಿಯನ್ನು ಬೇರೆ ಬೇರೆ ಹಾಳೆಯಲ್ಲಿ ಅಚ್ಚುಮಾಡಿದವು. ಒಂದೇ ಊರಿನ ಎರಡು ಬೀದಿಗಳ ಮಕ್ಕಳು ಎರಡು ಬೇರೆ ಊರಿನ ಇತಿಹಾಸ ಕಲಿತು ದೊಡ್ಡವರಾದರು.

ವಲಿಯ ವಿಷಯ ಇನ್ನೂ ಮುಗಿದಿಲ್ಲ. ಅವನನ್ನು ವಲಿ ದಖನಿ ಎನ್ನುವವರಿದ್ದಾರೆ, ವಲಿ ಔರಂಗಾಬಾದಿ ಎನ್ನುವವರಿದ್ದಾರೆ, ವಲಿ ಗುಜರಾತಿ ಎನ್ನುವವರೂ ಇದ್ದಾರೆ. ಯಾವ ಊರಿನವನು ಎಂದು ಪಂಡಿತರು ದಶಕಗಳ ಕಾಲ ವಾದ ಮಾಡಿದ್ದಾರೆ. 1707ರಲ್ಲಿ ಅವನು ತೀರಿಕೊಂಡದ್ದು ಅಹಮದಾಬಾದಿನಲ್ಲಿ. ಅಲ್ಲಿದ್ದ ಅವನ ಗೋರಿಯನ್ನು 2002ರ ಗಲಭೆಯಲ್ಲಿ ನೆಲಸಮ ಮಾಡಲಾಯಿತು. ಕೆಲವೇ ದಿನಗಳಲ್ಲಿ ಅದರ ಮೇಲೆ ಡಾಂಬರು ರಸ್ತೆ ಬಂತು. 'ಉರ್ದುವಿನ ಮೊದಲ ಕವಿ' ಎಂಬ ಪ್ರಶ್ನೆಗೆ ಸರಿಯುತ್ತರ ಗುರುತಿಸಿ ಅಂಕ ಪಡೆದ ಎಷ್ಟು ಮಂದಿಗೆ ಈ ರಸ್ತೆಯ ಸಂಗತಿ ಗೊತ್ತು? ಮೂರು ನಾಡುಗಳು 'ನಮ್ಮವನು' ಎಂದು ಜಗ್ಗಾಡಿದ ಕವಿಗೆ ಕೊನೆಗೆ ಆರಡಿ ನೆಲವೂ ಉಳಿಯಲಿಲ್ಲ. ಹೆಸರನ್ನು ಕಂಠಪಾಠ ಮಾಡುವ ಸಮಾಜ ಆ ಹೆಸರಿನ ಹಿಂದಿರುವ ಮನುಷ್ಯನನ್ನು ಕಾಪಾಡುತ್ತದೆ ಎಂಬ ಭರವಸೆ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದನ್ನೆಲ್ಲ ಬರೆಯುವಾಗ ನಮ್ಮ ಸಮುದಾಯದ ಅಂಗಳವನ್ನೂ ಗುಡಿಸಿಕೊಳ್ಳಬೇಕು. ಜಲ್ಸಾಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ನಾವು ನಡೆಸುವ ರಸಪ್ರಶ್ನೆಗಳ ಜಾಡೂ ಇದೇ. ಬೀಜಗಣಿತಕ್ಕೆ ಹೆಸರು ಕೊಟ್ಟವರು ಯಾರು? ಅಲ್ ಖ್ವಾರಿಜ್ಮಿ. ವೈದ್ಯಶಾಸ್ತ್ರದ ಮಹಾಗ್ರಂಥ ಬರೆದವರು ಯಾರು? ಇಬ್ನ್ ಸೀನಾ. ಚಪ್ಪಾಳೆ. ಆದರೆ ಖ್ವಾರಿಜ್ಮಿ ಭಾರತದ ಅಂಕೆಗಳನ್ನು ಕಲಿತು ಅವುಗಳ ಬಗ್ಗೆಯೇ ಒಂದು ಗ್ರಂಥ ಬರೆದಿದ್ದ, ಇಬ್ನ್ ಸೀನಾ ಗ್ರೀಕರ ಗ್ಯಾಲೆನ್, ಅರಿಸ್ಟಾಟಲರನ್ನು ಅರೆದು ಕುಡಿದಿದ್ದ ಎಂದು ಮಕ್ಕಳಿಗೆ ಹೇಳುತ್ತೇವೆಯೇ? ಬೇರೆಯವರಿಂದ ಪಡೆದದ್ದನ್ನು ಹೇಳಿದರೆ ನಮ್ಮವರ ಹಿರಿಮೆ ತಗ್ಗುತ್ತದೆ ಎಂಬ ಅಂಜಿಕೆ ನಮ್ಮಲ್ಲೂ ಇದೆ. ಹೆಮ್ಮೆಯ ಪಟ್ಟಿಗಳು ಎಲ್ಲ ಸಮುದಾಯಗಳಲ್ಲೂ ಒಂದೇ ರೀತಿ ಕೆಲಸ ಮಾಡುತ್ತವೆ. ಅವು ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ಕೊಟ್ಟದ್ದನ್ನು ಮಾತ್ರ ಬರೆದು, ಕೊಂಡದ್ದನ್ನು ಅಳಿಸಿಬಿಡುತ್ತವೆ.

ಪ್ರಶಸ್ತಿಗಳ ಪುಟಕ್ಕೆ ಬಂದರೆ ಈ ಅಳಿಸುವ ಕೆಲಸ ಇನ್ನಷ್ಟು ಸ್ಪಷ್ಟ. 'ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು?' ಕುವೆಂಪು, 1967, ಶ್ರೀರಾಮಾಯಣ ದರ್ಶನಂ. ಸರಿ. ಆ ವರ್ಷ ಪ್ರಶಸ್ತಿಯನ್ನು ಅವರ ಜೊತೆ ಹಂಚಿಕೊಂಡ ಗುಜರಾತಿ ಕವಿ ಯಾರು? ಉಮಾಶಂಕರ ಜೋಶಿ. ಈ ಎರಡನೆಯ ಪ್ರಶ್ನೆ ನಮ್ಮ ಕಡೆ ವಿರಳ. ಗುಜರಾತಿನ ಕೈಪಿಡಿಗಳಲ್ಲಿ ಕುವೆಂಪು ಹೆಸರೂ ಹೀಗೆಯೇ ಬಿಟ್ಟುಹೋಗಿದ್ದರೆ ಆಶ್ಚರ್ಯವಿಲ್ಲ. ವಿಶ್ವಮಾನವ ಎಂದವರ ಪ್ರಶಸ್ತಿಯನ್ನೂ ನಾವು ಒಬ್ಬರಿಗೇ ಗುತ್ತಿಗೆ ಕೊಟ್ಟಿದ್ದೇವೆ.

ಈಗ ಎಲ್ಲ ಕೈಪಿಡಿಗಳಲ್ಲೂ ಹೊಸ ಪ್ರಶ್ನೆಯೊಂದು ಸೇರಿದೆ. 'ಅಂತರರಾಷ್ಟ್ರೀಯ ಬೂಕರ್ ಪಡೆದ ಮೊದಲ ಕನ್ನಡ ಲೇಖಕಿ ಯಾರು?' 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ 'ಹಾರ್ಟ್ ಲ್ಯಾಂಪ್' ಆ ಪ್ರಶಸ್ತಿ ಪಡೆದಾಗ ಕನ್ನಡದ ಕತೆಗಾರರೆಲ್ಲ ಹಿಗ್ಗಿದರು. ನಾವೂ ಹಿಗ್ಗಿದೆವು. ಸಣ್ಣಕತೆಗಳ ಸಂಕಲನಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. 50,000 ಪೌಂಡುಗಳ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲು ಮಾಡಿ ಕೊಡುವುದು ಆ ಪ್ರಶಸ್ತಿಯ ನಿಯಮ. ಲೇಖಕಿಯ ಹಲವು ಸಂಕಲನಗಳಿಂದ ಹನ್ನೆರಡು ಕಥೆಗಳನ್ನು ಆಯ್ದು ಇಂಗ್ಲಿಷಿಗೆ ತಂದವರು ದೀಪಾ. ಬಹುಮಾನ ಕೊಟ್ಟವರು ಅರ್ಧರ್ಧ ಹಂಚಿದರು. ನಮ್ಮ ಪ್ರಶ್ನೆಪತ್ರಿಕೆ ಒಂದೇ ಹೆಸರಿಗೆ ಪೂರ್ತಿ ಅಂಕ ಕೊಡುತ್ತದೆ. ಹಾಗೆಯೇ, 'ಹಸೀನಾ' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟಿ ತಾರಾ ಎಂದು ಎಷ್ಟೋ ವರ್ಷಗಳಿಂದ ಕೈಪಿಡಿಗಳಲ್ಲಿದೆ. ಗಿರೀಶ ಕಾಸರವಳ್ಳಿಯವರ ಆ ಚಿತ್ರ ಬಾನು ಅವರ 'ಕರಿ ನಾಗರಗಳು' ಕಥೆಯಿಂದ ಹುಟ್ಟಿದ್ದು ಎಂಬುದು ಬೂಕರ್ ಬರುವ ತನಕ ಎಷ್ಟು ಜನರಿಗೆ ನೆನಪಿತ್ತು?

ಅದೇ ವರ್ಷ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಆಹ್ವಾನಿಸಿದಾಗ ಆದದ್ದನ್ನು ನಾವೆಲ್ಲ ನೋಡಿದ್ದೇವೆ. ಆಕ್ಷೇಪಣೆಗಳು ಎದ್ದವು, ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ನ್ಯಾಯಾಲಯಗಳು ಆಕ್ಷೇಪಣೆಯನ್ನು ಒಪ್ಪಲಿಲ್ಲ. ಸೆಪ್ಟೆಂಬರ್ 22ರಂದು ಉದ್ಘಾಟನೆ ನಡೆಯಿತು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅದೇ ದಸರೆಯನ್ನು ಉದ್ಘಾಟಿಸಿದ್ದರು ಎಂಬುದೂ ಆಗ ಮತ್ತೆ ನೆನಪಾಯಿತು. ಮೇ ತಿಂಗಳಲ್ಲಿ 'ಕನ್ನಡದ ಹೆಮ್ಮೆ' ಎಂಬ ಉತ್ತರವಾಗಿದ್ದವರು ಆಗಸ್ಟಿನಲ್ಲಿ 'ಇವರು ಹೇಗೆ?' ಎಂಬ ಪ್ರಶ್ನೆಯಾದರು. ಸಮಾಜ ಅವರ ಹೆಸರನ್ನು ಸ್ವೀಕರಿಸಿತ್ತು, ಅವರ ಕಥೆಗಳನ್ನು ಇನ್ನೂ ಓದಿರಲಿಲ್ಲ. ಓದಿದ್ದರೆ, ತನ್ನ ಸಮುದಾಯದ ಮುತವಲ್ಲಿಗಳನ್ನೂ ಗಂಡಂದಿರನ್ನೂ ನ್ಯಾಯಕ್ಕಾಗಿ ಕಟಕಟೆಗೆ ತಂದು ನಿಲ್ಲಿಸಿದ ಲೇಖಕಿಯ ಬಗ್ಗೆ ಎರಡೂ ಕಡೆಯವರು ಸ್ವಲ್ಪ ಬೇರೆ ರೀತಿ ಮಾತಾಡುತ್ತಿದ್ದರೋ ಏನೋ.

ಹಾಗಾದರೆ ರಸಪ್ರಶ್ನೆಯೇ ಬೇಡವೇ? ಬೇಕು. ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು ನೋಡಿ. ಸರಿಯುತ್ತರಕ್ಕೆ ಅಲ್ಲಿ ಕೊಡುವ ಬಹುಮಾನ ಕನ್ನಡ ಪುಸ್ತಕ. ಉತ್ತರ ಹೇಳಿದವನು ಓದಲು ಒಂದು ಪುಸ್ತಕ ಹಿಡಿದು ಮನೆಗೆ ಹೋಗುತ್ತಾನೆ. ಕೋಟಿ ರೂಪಾಯಿಯ ಆಟಗಳಲ್ಲಿ ಉತ್ತರದ ಮುಂದೆ ಹಣವಿದೆ, ಇಲ್ಲಿ ಉತ್ತರದ ಮುಂದೆ ಓದು ಇದೆ. ಈ ವ್ಯತ್ಯಾಸ ಸಣ್ಣದಲ್ಲ.

ಕೈಪಿಡಿ ಬರೆಯುವವರಲ್ಲಿ, ಶಾಲೆಗಳಲ್ಲಿ ರಸಪ್ರಶ್ನೆ ನಡೆಸುವ ಮೇಷ್ಟ್ರುಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ನಾಲ್ಕು ಆಯ್ಕೆ ಇರಲಿ, ಒಂದು ಅಂಕವೂ ಇರಲಿ. ಪ್ರಶ್ನೆಯ ತುದಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು. ಕಿತಾಬ್-ಎ-ನೌರಸ್ ಯಾವ ಭಾಷೆಯಲ್ಲಿದೆ? ಬಿದ್ರಿ ಪಾತ್ರೆ ಕಪ್ಪಾಗಲು ಎಲ್ಲಿಯ ಮಣ್ಣು ಬೇಕು? ಚೌಕದ ಗೋಡೆಯ ಮೇಲೆ ದುಂಡು ಗುಮ್ಮಟ ನಿಂತದ್ದು ಯಾವ ಉಪಾಯದಿಂದ? 1967ರ ಜ್ಞಾನಪೀಠವನ್ನು ಯಾವ ಎರಡು ಭಾಷೆಗಳು ಹಂಚಿಕೊಂಡವು? ಇವಕ್ಕೂ ಒಂದೇ ಮಾತಿನ ಉತ್ತರವಿದೆ, ಮೌಲ್ಯಮಾಪಕರಿಗೆ ತೊಂದರೆಯಿಲ್ಲ. ಆದರೆ ಇಂಥ ಪ್ರಶ್ನೆ ಬರೆಯುವ ಹುಡುಗಿಗೆ ಉತ್ತರದ ಜೊತೆ ಇನ್ನೊಬ್ಬರ ಮನೆಯ ಬಾಗಿಲೂ ಕಾಣುತ್ತದೆ. ನಾಳೆ ಆಕೆ ತಾಲ್ಲೂಕು ಕಚೇರಿಯಲ್ಲೋ ಪೊಲೀಸ್ ಠಾಣೆಯಲ್ಲೋ ಕುರ್ಚಿಯ ಮೇಲೆ ಕೂತಾಗ ಎದುರಿಗೆ ಅರ್ಜಿ ಹಿಡಿದು ನಿಲ್ಲುವವರು ಎಲ್ಲ ಬೀದಿಯವರೂ ಆಗಿರುತ್ತಾರೆ. ಅವರೆಲ್ಲರ ಇತಿಹಾಸ ತನ್ನದೂ ಹೌದು ಎಂದು ಆಕೆಗೆ ಗೊತ್ತಿದ್ದರೆ ಆ ತಿಳಿವಳಿಕೆಯನ್ನು ಸಾಮಾನ್ಯ ಜ್ಞಾನವೆಂದು ಕರೆಯಲು ನಮಗೆ ಯಾವ ಅಭ್ಯಂತರವೂ ಇಲ್ಲ.